ಫ್ರಿಜ್ ಮೇಲಿದ್ದ ಓಟಿನ ಕಾರ್ಡು

2016ರ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ನಮ್ಮ ಮನೆ ಬಾಗಿಲ ಸಂದಿಯಿಂದ ಎರಡು ಓಟಿನ ಕಾರ್ಡು ಒಳಗೆ ಬಿದ್ದವು. ಒಂದು ನನ್ನ ಹೆಸರಿಗೆ, ಇನ್ನೊಂದು ನನ್ನ ಗಂಡನ ಹೆಸರಿಗೆ. ಜೂನ್ 23ಕ್ಕೆ ಜನಮತ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕಾ, ಹೊರಗೆ ಬರಬೇಕಾ ಅಂತ ಒಂದೇ ಒಂದು ಪ್ರಶ್ನೆ. ಹೊರಗೆ ಬರುವುದಕ್ಕೆ ಬ್ರೆಕ್ಸಿಟ್ ಅಂತ ಹೆಸರು. ನಾವು ಇಂಗ್ಲೆಂಡಿಗೆ ಬಂದು ಆಗ ಐದು ವರ್ಷವೂ ತುಂಬಿರಲಿಲ್ಲ. ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟು. ಇವತ್ತಿಗೂ ಅದೇ ಇದೆ. ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದೆ. ಏನೋ ತಪ್ಪಿ ಬಂದಿರಬೇಕು ಅಂದುಕೊಂಡೆ.

ತಪ್ಪಿ ಬಂದದ್ದಲ್ಲ. ಕಾಮನ್‌ವೆಲ್ತ್ ದೇಶದವರು ವೀಸಾ ಇಟ್ಟುಕೊಂಡು ಇಲ್ಲಿ ವಾಸ ಮಾಡುತ್ತಿದ್ದರೆ ಓಟು ಹಾಕಬಹುದು. ಹಳೇ ಸಾಮ್ರಾಜ್ಯದ ಕಾಲದಿಂದ ಉಳಿದುಕೊಂಡ ನಿಯಮ. ಆ ಕಾರ್ಡನ್ನು ಫ್ರಿಜ್ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸಿದೆ. ಹಾಲಿನ ಲೆಕ್ಕ, ಮಗಳ ಸ್ಕೂಲಿನ ಊಟದ ಪಟ್ಟಿ, ಅದರ ಪಕ್ಕದಲ್ಲಿ ಓಟಿನ ಕಾರ್ಡು.

ನಾವಿರುವುದು ಕೆಂಟ್‌ನ ಆಶ್‌ಫರ್ಡ್ ಊರಿನಲ್ಲಿ. ಗೋಡೆಗೆ ಗೋಡೆ ಅಂಟಿದ ಸಾಲುಮನೆ. ಎಡಗಡೆ ಮನೆಯಲ್ಲಿ ಪೋಲೆಂಡಿನಿಂದ ಬಂದ ಒಬ್ಬರು ಹೆಂಗಸು, ಅವರ ಮಗ. ಬಲಗಡೆ ಮನೆಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಇಂಗ್ಲಿಷ್ ಹಿರಿಯರು. ಅವರ ಹೆಂಡತಿ ತೀರಿಕೊಂಡಿದ್ದಾರೆ. ನಾವು ಮನೆಯಲ್ಲಿ ಮಾತಾಡುವಾಗ ಎಡಗಡೆಯವರು ಅಕ್ಕ, ಬಲಗಡೆಯವರು ಅಜ್ಜ. ಇಬ್ಬರಿಗೂ ಇದು ಗೊತ್ತು. ಅರ್ಥ ಕೇಳಿ ತಿಳಿದುಕೊಂಡು ಖುಷಿಪಟ್ಟಿದ್ದಾರೆ.

ಒಂದು ದಿನ ಅಕ್ಕ ಸಕ್ಕರೆಗೆ ಅಂತ ಬಂದವರು ಫ್ರಿಜ್ ಮುಂದೆ ನಿಂತುಬಿಟ್ಟರು. 'ನಿಮಗೆ ಇದು ಬಂತಾ?' ಅಂದರು. ಹೌದು, ನಿಮಗಿನ್ನೂ ಬಂದಿಲ್ವಾ ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮರುವರ್ಷ, ಅಂದರೆ 2005ರಲ್ಲಿ, ಇಲ್ಲಿಗೆ ಬಂದವರು ಅವರು. ಹನ್ನೊಂದು ವರ್ಷ ತೆರಿಗೆ ಕಟ್ಟಿದ್ದರು. ಮಗ ಹುಟ್ಟಿದ್ದೇ ಇಲ್ಲಿ. ಆದರೆ ಈ ಜನಮತದಲ್ಲಿ ಯುರೋಪಿನ ಬೇರೆ ದೇಶದವರಿಗೆ ಓಟು ಇರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರಿಗೆ ಮಾತ್ರ ಇತ್ತು. ಅಕ್ಕ ಜಾಸ್ತಿ ಏನೂ ಹೇಳಲಿಲ್ಲ. ಕಾರ್ಡಿನ ಮೇಲೆ ಬೆರಳಿಟ್ಟು ನನ್ನ ಹೆಸರನ್ನು ಓದಿದರು. ಸಕ್ಕರೆ ತೆಗೆದುಕೊಂಡು ಹೋದರು.

ಬಲಗಡೆ ಮನೆಯ ಕಥೆ ನನಗೆ ಗೊತ್ತಾದದ್ದು ಆಮೇಲೆ. ಅಜ್ಜನ ಮಗಳು 1999ರಲ್ಲಿ ಮದುವೆಯಾಗಿ ಫ್ರಾನ್ಸಿಗೆ ಹೋದವರು. ಬ್ರಿಟಿಷ್ ಪ್ರಜೆ. ಆದರೆ 15 ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದ ಬ್ರಿಟಿಷರಿಗೆ ಆಗ ಓಟು ಇರಲಿಲ್ಲ. ಆ ನಿಯಮ ತೆಗೆದದ್ದು 2024ರಲ್ಲಿ. ಅವರ ಮನೆ, ಕೆಲಸ, ಮಕ್ಕಳ ಓದು ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಆದರೂ ಅವರನ್ನು ಯಾರೂ ಕೇಳಲಿಲ್ಲ.

ಎಡಗಡೆ ಮನೆಗೆ ಓಟಿಲ್ಲ. ಬಲಗಡೆ ಮನೆಯ ಮಗಳಿಗೆ ಓಟಿಲ್ಲ. ನಡುವಿನ ಮನೆಯಲ್ಲಿ ಹಾಸನದಿಂದ ಬಂದ ನನಗೆ ಓಟಿತ್ತು. ಹತ್ತು ವರ್ಷದಿಂದ ನಾನು ಈ ವಿಷಯ ಯಾರ ಹತ್ತಿರ ಮಾತಾಡಿದರೂ ಕಡೆಗೆ ಬಂದು ನಿಲ್ಲುವುದು ಇಲ್ಲೇ.

ಆ ದಿನ ನಾನು ಓಟು ಹಾಕಲಿಲ್ಲ. ಬೆಳಗ್ಗೆಯಿಂದ ಮಳೆ. ಈ ಭಾಗದಲ್ಲೆಲ್ಲ ಜೋರು ಮಳೆ ಸುರಿದು ಲಂಡನ್ನಿನ ಎಷ್ಟೋ ರೈಲುಗಳು ನಿಂತುಹೋಗಿದ್ದವು. ಮಗಳಿಗೆ ಕೆಮ್ಮು, ಗಂಡನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಆದರೆ ಅದ್ಯಾವುದೂ ನಿಜವಾದ ಕಾರಣ ಅಲ್ಲ. ಮತಗಟ್ಟೆ ಹತ್ತು ನಿಮಿಷದ ದಾರಿ. ರಾತ್ರಿ ಹತ್ತರ ತನಕ ತೆರೆದಿರುತ್ತದೆ. ಇದು ಅವರ ಮನೆ ಜಗಳ, ನಮಗ್ಯಾಕೆ ಊರ ಉಸಾಬರಿ ಅಂದುಕೊಂಡು ಸುಮ್ನೆ ಕೂತೆ. ಅಷ್ಟೇ ಕಾರಣ.

ಮರುದಿನ ಬೆಳಗ್ಗೆ ಫಲಿತಾಂಶ ಬಂತು. ಹೊರಗೆ ಬರಬೇಕು ಅಂದವರು ನೂರಕ್ಕೆ 51.9. ಇರಬೇಕು ಅಂದವರು 48.1. ಅಂತರ ಹತ್ತಿರ ಹತ್ತಿರ 13 ಲಕ್ಷ ಓಟು. ನಮ್ಮ ಆಶ್‌ಫರ್ಡ್‌ನಲ್ಲಂತೂ ನೂರಕ್ಕೆ ಸುಮಾರು 60 ಜನ ಹೊರಗೆ ಬರೋಣ ಅಂದಿದ್ದರು. ನನ್ನ ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ. ಗೊತ್ತು. ಆದರೆ ಆ ದಿನ ಸಂಜೆ ಅಕ್ಕನ ಮಗ, ಏಳು ವರ್ಷದವನು, ನಮ್ಮ ಮನೆಗೆ ಆಡಲು ಬಂದ. ಸ್ಕೂಲಿನಲ್ಲಿ ಒಬ್ಬ ಹುಡುಗ ಅವನನ್ನು 'ನೀನು ಯಾವಾಗ ವಾಪಸ್ ಹೋಗ್ತೀಯ' ಅಂತ ಕೇಳಿದ್ದನಂತೆ. ಎಲ್ಲಿಗೆ ಅಂತ ಇವನಿಗೆ ಗೊತ್ತಾಗಿರಲಿಲ್ಲ. ಅದನ್ನು ನನ್ನ ಹತ್ತಿರ ಕೇಳಿದ. ಕಾರ್ಡು ಇನ್ನೂ ಫ್ರಿಜ್ ಮೇಲೇ ಇತ್ತು. ಅದನ್ನು ತೆಗೆದು ಡ್ರಾಯರ್‌ನಲ್ಲಿ ಹಾಕಿದೆ.

ಅಜ್ಜ ಹೊರಗೆ ಬರಲು ಓಟು ಹಾಕಿದ್ದರು. ಅವರು ಅದನ್ನು ಮುಚ್ಚಿಡಲಿಲ್ಲ. ಆಗಿನ ಯುರೋಪಿನ ಮಾರುಕಟ್ಟೆ ಒಕ್ಕೂಟದಲ್ಲಿ ಉಳಿಯಬೇಕಾ ಅಂತ 1975ರಲ್ಲೂ ಒಂದು ಜನಮತ ನಡೆದಿತ್ತು. ಆಗ ಅವರು ಯುವಕ. ಮಾರುಕಟ್ಟೆ ದೊಡ್ಡದಾಗುತ್ತೆ, ವ್ಯಾಪಾರಕ್ಕೆ ಒಳ್ಳೇದು ಅಂತ ಉಳಿಯುವ ಕಡೆಗೇ ಓಟು ಹಾಕಿದ್ದರಂತೆ. 'ಅಂಗಡಿಗೆ ಹೂಂ ಅಂದೆ. ಅದು ಸರ್ಕಾರ ಆಗುತ್ತೆ ಅಂತ ನನ್ನನ್ನ ಯಾರೂ ಕೇಳಲಿಲ್ಲ' ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ, ಊರಿನ ಫ್ಯಾಕ್ಟರಿ ಮುಚ್ಚಿದಾಗ ಲಂಡನ್ನಿನವರು ತಿರುಗಿ ನೋಡಲಿಲ್ಲ, ನಲವತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ಕಡೆಗೊಂದು ದಿನ ಕೇಳಿದರು. ಸಿಕ್ಕಿದ್ದೇ ಒಂದು ಪ್ರಶ್ನೆ. ಎಲ್ಲ ಸಿಟ್ಟನ್ನೂ ಆ ಒಂದು ಉತ್ತರದಲ್ಲೇ ಹಾಕಿದರು. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ಊರೂರು ಸುತ್ತಿದರಲ್ಲ, ಆ ಮೊತ್ತ ದಾರಿ ತಪ್ಪಿಸುವಂಥದ್ದು ಅಂತ ದೇಶದ ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು. ಆದರೆ ಬಸ್ಸು ಎಲ್ಲ ಊರಿಗೂ ಹೋಯಿತು. ಪ್ರಾಧಿಕಾರದ ಮಾತು ಎಷ್ಟು ಮನೆಗೆ ಹೋಗಿರಬಹುದು?

ನಮ್ಮವರಲ್ಲೂ ಹೊರಗೆ ಬರೋಣ ಅಂದವರು ಕಮ್ಮಿ ಇರಲಿಲ್ಲ. ಆ ವರ್ಷ ಯುಗಾದಿಗೆ ಸೇರಿದಾಗ ಹೋಳಿಗೆ ತಿನ್ನುತ್ತಾ ಇದೇ ಮಾತು. ಯುರೋಪಿನವರು ಬರುವುದು ನಿಂತರೆ ನಮ್ಮ ಹುಡುಗರಿಗೆ ವೀಸಾ ಸಿಗುತ್ತೆ ಅಂತ. ಆಗ ಮಂತ್ರಿಯಾಗಿದ್ದ ಪ್ರೀತಿ ಪಟೇಲ್ ಕೂಡ ಅದನ್ನೇ ಹೇಳುತ್ತಿದ್ದರು. ಒಕ್ಕೂಟ ಬಿಟ್ಟರೆ ಕರಿ ಹೋಟೆಲುಗಳಿಗೆ ನಮ್ಮ ಕಡೆಯಿಂದ ಅಡುಗೆಯವರನ್ನು ಕರೆಸಬಹುದು ಅಂತ. ಪರಿಚಯದ ಒಬ್ಬ ಹೋಟೆಲಿನವರು ಆ ಮಾತು ನಂಬಿ ಓಟು ಹಾಕಿದರು. ಅವರಿಗೆ ಇವತ್ತಿಗೂ ಒಬ್ಬ ಅಡುಗೆಯವನನ್ನು ಕರೆಸಲು ಆಗಿಲ್ಲ. ವೀಸಾಗೆ ಕೇಳುತ್ತಿದ್ದ ಸಂಬಳ ಕೊಟ್ಟಿದ್ದರೆ ಹೋಟೆಲ್ ಮುಚ್ಚಬೇಕಾಗುತ್ತಿತ್ತು ಅನ್ನುತ್ತಾರೆ.

ಆಮೇಲಿನ ಮೂರು ವರ್ಷ ಹೇಗಿತ್ತು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ದಿನಾ ಬೆಳಗ್ಗೆ ರೇಡಿಯೋ ಹಾಕಿದರೆ ಬ್ರೆಕ್ಸಿಟ್. ರಾತ್ರಿ ಟಿವಿ ಹಾಕಿದರೆ ಬ್ರೆಕ್ಸಿಟ್. ಜನಮತ ನಡೆಸಿದ ಪ್ರಧಾನಿ ಕ್ಯಾಮರೂನ್ ಮರುದಿನವೇ ರಾಜೀನಾಮೆ ಹೇಳಿದರು. ಥೆರೇಸಾ ಮೇ ಬಂದರು. 2017ರಲ್ಲಿ ಮತ್ತೆ ಚುನಾವಣೆ ಅಂದರು. ಬ್ರಿಸ್ಟಲ್‌ನ ಒಬ್ಬ ಅಜ್ಜಿ ಟಿವಿಯವರು ಕೇಳಿದಾಗ ರಸ್ತೆಯಲ್ಲೇ ನಿಂತು 'ಮತ್ತೊಂದಾ?' ಅಂತ ಗೋಳಾಡಿದ್ದನ್ನು ಇಡೀ ದೇಶ ನೋಡಿತು. ಎಲ್ಲರ ಮನಸ್ಸಿನ ಮಾತು ಅದು. ಆ ಚುನಾವಣೆಯಲ್ಲಿ ಥೆರೇಸಾ ಮೇ ಇದ್ದ ಬಹುಮತವನ್ನೂ ಕಳೆದುಕೊಂಡರು.

2019ರ ಜನವರಿ 15ರಂದು, ಹೊರಗೆ ಬರಲು ಅವರು ಯುರೋಪಿನ ಜೊತೆ ಮಾಡಿಕೊಂಡಿದ್ದ ಒಪ್ಪಂದ ಸಂಸತ್ತಿನಲ್ಲಿ 432ಕ್ಕೆ 202 ಓಟಿನಿಂದ ಬಿತ್ತು. ಮಾರ್ಚ್‌ನಲ್ಲಿ ಮತ್ತೆ ಎರಡು ಸಲ ಬಿತ್ತು. ಹಾಗಾದರೆ ನಿಮಗೆ ಏನು ಬೇಕು ಅಂತ ಮಾರ್ಚ್ 27ರಂದು ಸಂಸದರ ಮುಂದೆ ಎಂಟು ದಾರಿ ಇಟ್ಟರು. ಎಂಟಕ್ಕೆ ಎಂಟೂ ಸೋತವು. ಆ ರಾತ್ರಿ ಗೋಡೆಯಾಚೆ ಅಜ್ಜ ಏನೋ ಜೋರಾಗಿ ಕೂಗಿದ್ದು ಕೇಳಿಸಿತು. ಗಾಬರಿಯಾಗಿ ಹೋಗಿ ನೋಡಿದರೆ ರೇಡಿಯೋ ವೈರ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. 'ಅದೇನು ಮಾಡ್ತಾರೋ ಮಾಡಿ ಮುಗಿಸಲಿ' ಅಂದರು. ಅದೇ ವಾರ ಅಕ್ಕ ಕೂಡ ಇದೇ ಮಾತು ಅಂದಿದ್ದರು. ಅಜ್ಜನಿಗೆ ಕೇಳಿದ್ದು ಕೊಡುತ್ತಿಲ್ಲ ಅನ್ನುವ ಸಿಟ್ಟು. ಅಕ್ಕನಿಗೆ ನಾಳೆ ಏನಾಗುತ್ತೋ ಅನ್ನುವ ಭಯ. ಮಾತು ಮಾತ್ರ ಒಂದೇ. ಆ ದಣಿವನ್ನೇ ಹಿಡಿದುಕೊಂಡು 2019ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಹೊಸ ಪ್ರಧಾನಿ ಬೋರಿಸ್ ಜಾನ್ಸನ್ 'ಬ್ರೆಕ್ಸಿಟ್ ಮುಗಿಸೋಣ' ಅಂತ ಓಟು ಕೇಳಿದರು. 80 ಸೀಟಿನ ಬಹುಮತ ಬಂತು. ಜನ ಒಪ್ಪಂದ ಓದಿ ಒಪ್ಪಿದರು ಅಂತ ನಾನು ನಂಬುವುದಿಲ್ಲ. ಸಾಕಾಗಿತ್ತು ಅವರಿಗೆ.

ಆ ದಿನಗಳಲ್ಲಿ ನಮ್ಮ ಸೋದರಮಾವ ಹಾಸನದಿಂದ ಫೋನ್ ಮಾಡುತ್ತಿದ್ದರು. ಮೂವತ್ತು ವರ್ಷ ಲಾರಿ ಇಟ್ಟಿದ್ದವರು. ತಮಿಳುನಾಡಿನ ಕಡೆ ಲೋಡ್ ಹೋದರೆ ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ರಾತ್ರಿಯೆಲ್ಲ ಕಾಯುತ್ತಿದ್ದ ಕಥೆ ನಾವು ಚಿಕ್ಕವರಿದ್ದಾಗಿಂದ ಕೇಳಿದ್ದೇವೆ. ಒಂದು ಬಿಲ್ಲಿನಲ್ಲಿ ಒಂದು ಸೀಲು ಇಲ್ಲ ಅಂತ ಲಾರಿ ಪಕ್ಕಕ್ಕೆ ಹಾಕಿಸಿದ್ದು, ಟೊಮೆಟೊ ಕೊಳೆತದ್ದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕರ್ನಾಟಕವೂ ಸೇರಿ ಎಷ್ಟೋ ರಾಜ್ಯಗಳು ತೆರಿಗೆ ಚೆಕ್‌ಪೋಸ್ಟ್ ತೆಗೆದವು. ಮಾವ ಕೇಳಿದರು, 'ನಾವು ಇಲ್ಲಿ ಗೇಟು ತೆಗೀತಾ ಇದೀವಿ, ನೀವು ಅಲ್ಲಿ ಹೊಸದಾಗಿ ಹಾಕ್ತಾ ಇದೀರಂತಲ್ಲವ್ವ, ಯಾಕೆ?' ನನಗೆ ಉತ್ತರ ಗೊತ್ತಿರಲಿಲ್ಲ. ಗೇಟು ಬಂದರೆ ಲಾರಿ ನಿಲ್ಲುತ್ತೆ ಅಂತ ಮಾವನಿಗೆ ಗೊತ್ತಿತ್ತು. ಅಷ್ಟನ್ನು ಇಲ್ಲಿ ದೊಡ್ಡ ದೊಡ್ಡವರು ಒಪ್ಪಿಕೊಳ್ಳಲಿಲ್ಲ. ಏನೂ ಆಗಲ್ಲ, ಸಲೀಸಾಗಿ ಹೋಗುತ್ತೆ ಅಂದರು.

2019ರ ಮೇ 23. ಹೊರಗೆ ಬರುವ ದಿನ ಮುಂದೆ ಹೋಗಿದ್ದರಿಂದ ಬ್ರಿಟನ್ನಿನಲ್ಲೂ ಯುರೋಪಿನ ಸಂಸತ್ತಿಗೆ ಚುನಾವಣೆ ನಡೆಯಿತು. ಇದರಲ್ಲಿ ಅಕ್ಕನಿಗೆ ಓಟು ಇತ್ತು. ನನಗೂ ಇತ್ತು. ಕೆಲಸ ಮುಗಿಸಿ ಬಂದ ಅಕ್ಕ, ವೃದ್ಧಾಶ್ರಮದ ನೀಲಿ ಅಂಗಿಯನ್ನೂ ಬದಲಾಯಿಸದೆ, ನನ್ನ ಜೊತೆ ಹೊರಟರು. ಚರ್ಚಿನ ಹಾಲ್‌ನಲ್ಲಿ ಮತಗಟ್ಟೆ. ಮಡಚುವ ಮೇಜು, ದಾರದಲ್ಲಿ ಕಟ್ಟಿದ ಪೆನ್ಸಿಲ್. ನನ್ನ ಹೆಸರು ಹುಡುಕಿ, ಸ್ಕೇಲ್ ಇಟ್ಟು ಗೆರೆ ಎಳೆದು, ಉದ್ದದ ಕಾಗದ ಕೊಟ್ಟರು. ಅಕ್ಕನ ಹೆಸರೂ ಪಟ್ಟಿಯಲ್ಲಿತ್ತು. ಆದರೆ ಅದರ ಮೇಲೆ ಆಗಲೇ ಗೆರೆ ಎಳೆದಿತ್ತು. 'ನೀವು ಇನ್ನೊಂದು ಫಾರಂ ಕೊಡಬೇಕಿತ್ತು, ನಿಮ್ಮ ದೇಶದಲ್ಲಿ ಓಟು ಹಾಕುವುದಿಲ್ಲ ಅಂತ' ಅಂದರು ಮೇಜಿನವರು. ಈ ಚುನಾವಣೆ ನಡೆದೇ ನಡೆಯುತ್ತದೆ ಅಂತ ಸರ್ಕಾರ ಹೇಳಿದ್ದು ಮೇ 7ಕ್ಕೆ. ಆ ಫಾರಂ ಕೊಡಲು ಕಡೇ ದಿನವೂ ಅದೇ ಮೇ 7. ಅವತ್ತು ದೇಶದ ತುಂಬ ಯುರೋಪಿನವರನ್ನು ಹೀಗೇ ವಾಪಸ್ ಕಳಿಸಿದರು ಅಂತ ರಾತ್ರಿ ಸುದ್ದಿಯಲ್ಲಿ ಬಂತು.

ನಾನು ಕಾಗದ ಕೈಯಲ್ಲಿ ಹಿಡಿದು ನಿಂತಿದ್ದೆ. ಅಕ್ಕ ನನ್ನ ಬೆನ್ನು ತಟ್ಟಿ, 'ನೀನು ಹೋಗಿ ಹಾಕು' ಅಂದರು. ಹಾಕಿದೆ. ವಾಪಸ್ ಬರುವ ದಾರಿಯಲ್ಲಿ ನಾನು ಹೇಳಿಬಿಟ್ಟೆ. 2016ರಲ್ಲಿ ನಾನು ಓಟು ಹಾಕಿರಲಿಲ್ಲ ಅಂತ. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಅಕ್ಕ ಸುಮಾರು ದೂರ ಏನೂ ಮಾತಾಡದೆ ನಡೆದರು. ಗೇಟಿನ ಹತ್ತಿರ ಬಂದಾಗ 'ಮಳೆ ಬಂದಿತ್ತು ಅಲ್ವಾ ಅವತ್ತು' ಅಂದರು. ಆಮೇಲೆ ಅದರ ಬಗ್ಗೆ ಅವರು ಎಂದೂ ಮಾತೆತ್ತಿಲ್ಲ.

ಅದೇ ಬೇಸಿಗೆಯಲ್ಲಿ ಅಕ್ಕ ಇಲ್ಲೇ ಇರಲು ಅರ್ಜಿ ಹಾಕಬೇಕಾಯಿತು. ಹದಿನಾಲ್ಕು ವರ್ಷ ಇದ್ದ ದೇಶದಲ್ಲಿ, ಇರುತ್ತೇನೆ ಅಂತ ಅರ್ಜಿ. ಮೊದಲು 65 ಪೌಂಡ್ ಶುಲ್ಕ ಅಂದಿದ್ದರು. ಜನ ಗಲಾಟೆ ಮಾಡಿದ ಮೇಲೆ ತೆಗೆದರು. ಪಾಸ್‌ಪೋರ್ಟನ್ನು ಫೋನಿನಲ್ಲೇ ಸ್ಕ್ಯಾನ್ ಮಾಡುವ ಆ್ಯಪ್ ಮೊದಲಿಗೆ ಆಂಡ್ರಾಯ್ಡ್‌ನಲ್ಲಿ ಮಾತ್ರ ಇತ್ತು. ಅಕ್ಕನದು ಐಫೋನ್. ಹಾಗಾಗಿ ನನ್ನ ಫೋನ್ ತೆಗೆದುಕೊಂಡು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಪಾಸ್‌ಪೋರ್ಟಿನ ಮೇಲೆ ಫೋನ್ ಇಟ್ಟು ಉಸಿರು ಬಿಗಿಹಿಡಿದು ಕಾಯುವುದು. ಆಮೇಲೆ ಮುಖ ತೋರಿಸಬೇಕು. ಪರದೆಯಿಂದ ಕೆಂಪು, ಹಸಿರು, ನೀಲಿ ಬೆಳಕು ಒಂದಾದ ಮೇಲೊಂದು ಅವರ ಮುಖದ ಮೇಲೆ ಬೀಳುತ್ತಿತ್ತು. ಅಕ್ಕ ಕಣ್ಣು ಮಿಟುಕಿಸದೆ ಕೂತಿದ್ದರು. ನಾಲ್ಕನೇ ಸಲಕ್ಕೆ ಸರಿಹೋಯಿತು.

ಕೆಲವು ದಿನಕ್ಕೆ ಇಮೇಲ್ ಬಂತು. ಇರಬಹುದು ಅಂತ. 'ಕಾರ್ಡ್ ಯಾವಾಗ ಬರುತ್ತೆ?' ಅಂತ ಅಕ್ಕ ಕೇಳಿದರು. ಕಾರ್ಡ್ ಇಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿ. ಮನೆ ಬಾಡಿಗೆಗೆ, ಕೆಲಸಕ್ಕೆ ಕೇಳಿದರೆ ವೆಬ್‌ಸೈಟಿಗೆ ಹೋಗಿ ಒಂದು ಕೋಡ್ ತೆಗೆದು ಕೊಡಬೇಕು. ನನ್ನ ಹತ್ತಿರ ಆಗ ಇಲ್ಲಿ ಇರಬಹುದು ಅನ್ನುವ ಪ್ಲಾಸ್ಟಿಕ್ ಕಾರ್ಡ್ ಇತ್ತು. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ನೋಡಿ ವಾಪಸ್ ಕೊಟ್ಟರು. ಅವರು ಆ ಇಮೇಲನ್ನೇ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದರು. ಇದು ದಾಖಲೆ ಅಲ್ಲ ಅಂತ ಅದರಲ್ಲೇ ಬರೆದಿತ್ತು. ಆದರೂ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು. 2024ರ ಕೊನೆಗೆ ನಮ್ಮ ಪ್ಲಾಸ್ಟಿಕ್ ಕಾರ್ಡುಗಳ ಅವಧಿಯೂ ಮುಗಿಯಿತು, ನಮಗೂ ಎಲ್ಲ ಕಂಪ್ಯೂಟರಿನಲ್ಲೇ. ಆ ಕೋಡ್ ತೆಗೆಯುವುದು ಹೇಗೆ ಅಂತ ನನಗೆ ಹೇಳಿಕೊಟ್ಟದ್ದು ಅಕ್ಕ. ಅದೇ ಮೇಜು, ಅದೇ ಕುರ್ಚಿಗಳು.

ಕೆಂಟ್‌ನಲ್ಲಿ ಇರುವವರಿಗೆ ಬ್ರೆಕ್ಸಿಟ್ ಅಂದರೆ ಲಾರಿ. ಡೋವರ್ ಬಂದರು ನಮಗೆ ಅರ್ಧ ಗಂಟೆ ದಾರಿ, ಫ್ರಾನ್ಸಿಗೆ ಹೋಗುವ ಸಮುದ್ರದಡಿಯ ಸುರಂಗ ಇನ್ನೂ ಹತ್ತಿರ. ಬಂದರಿನಲ್ಲಿ ಸ್ವಲ್ಪ ತಡವಾದರೂ ಎಂ20 ಹೆದ್ದಾರಿಯ ಮೇಲೆ ಲಾರಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ನಡುವೆ ತಡೆಗೋಡೆ ಇಟ್ಟು, ಒಂದು ಕಡೆ ಲಾರಿ, ಇನ್ನೊಂದು ಕಡೆ ಎರಡೂ ದಿಕ್ಕಿನ ವಾಹನ. ಇದಕ್ಕೆ ಆಪರೇಷನ್ ಬ್ರಾಕ್ ಅಂತ ಹೆಸರು. ಮೇಡ್‌ಸ್ಟನ್ ಕಡೆಗೆ ಹೋಗುವವರೆಲ್ಲ ಮನೆಯಿಂದ ಒಂದು ಗಂಟೆ ಮುಂಚೆ ಹೊರಡಬೇಕು. ನನ್ನ ಗಂಡ ಎಷ್ಟೋ ಸಲ ಪಾಳಿ ಮುಗಿಸಿ ಮೂರು ಗಂಟೆ ತಡವಾಗಿ ಬಂದಿದ್ದಾರೆ. ಡ್ರೈವರ್‌ಗಳಿಗೆ ಶೌಚಾಲಯ ಇರುವುದಿಲ್ಲ. ರಸ್ತೆ ಬದಿಯ ಪೊದೆಗಳಲ್ಲಿ ಮೂತ್ರ ತುಂಬಿದ ಬಾಟಲಿಗಳು. ಊರಿನವರು ಡ್ರೈವರ್‌ಗಳನ್ನು ಬೈಯುತ್ತಾರೆ. ಅವರಾದರೂ ಏನು ಮಾಡಬೇಕು ಹೇಳಿ.

2020ರ ಡಿಸೆಂಬರ್ 20ರಂದು ಫ್ರಾನ್ಸ್ ಗಡಿ ಮುಚ್ಚಿತು. ಅದು ಕೊರೊನಾದ ಹೊಸ ತಳಿಯ ಭಯಕ್ಕೆ, ಬ್ರೆಕ್ಸಿಟ್‌ಗೆ ಅಲ್ಲ. ಆದರೆ ಹನ್ನೊಂದೇ ದಿನಕ್ಕೆ ಒಕ್ಕೂಟದ ಹಳೇ ವ್ಯವಸ್ಥೆ ಪೂರ್ತಿ ಕೊನೆಯಾಗುವುದಿತ್ತು. ಗಡಿ ಅಂದರೆ ಏನು ಅಂತ ಆ ವಾರ ಕಣ್ಣಾರೆ ಕಂಡೆವು. ಸಾವಿರಾರು ಲಾರಿ. ಕ್ರಿಸ್ಮಸ್‌ಗೆ ಮನೆಗೆ ಹೊರಟಿದ್ದ ಪೋಲೆಂಡ್, ರೊಮೇನಿಯಾದ ಡ್ರೈವರ್‌ಗಳು ಚಳಿಯಲ್ಲಿ ಕ್ಯಾಬಿನ್ ಒಳಗೆ. ಗ್ರೇವ್ಸೆಂಡಿನ ಗುರುದ್ವಾರದಲ್ಲಿ ಕಡಲೆ ಪಲ್ಯ ಮಾಡಿ ಖಾಲ್ಸಾ ಏಡ್‌ನವರು ಸಾಗಿಸಿದರು. ನಾನು ಅಕ್ಕ ಸೇರಿ ಫ್ಲಾಸ್ಕಿನಲ್ಲಿ ಚಹಾ, ಬ್ರೆಡ್ಡು, ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋದೆವು. ಬೇಲಿಯ ಈಚೆ ನಿಂತು ಅಕ್ಕ ಪೋಲಿಷ್‌ನಲ್ಲಿ ಜೋರಾಗಿ ಏನೋ ಕೂಗಿದರು. ಸಾಲಿನುದ್ದಕ್ಕೂ ಐದಾರು ಕ್ಯಾಬಿನ್ ಬಾಗಿಲು ಒಟ್ಟಿಗೆ ತೆರೆದುಕೊಂಡವು. ಅಷ್ಟು ವರ್ಷದಲ್ಲಿ ಅಕ್ಕ ಹೊರಗಡೆ ಗಟ್ಟಿಯಾಗಿ ಪೋಲಿಷ್ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ. 2016ರಿಂದ ಈಚೆಗೆ ಅವರು ಬಸ್ಸಿನಲ್ಲಿ ಫೋನ್ ಬಂದರೆ ತೆಗೆಯುತ್ತಿರಲಿಲ್ಲ.

2021ರ ವಸಂತದಲ್ಲಿ ನನಗೆ ಕೆಲಸ ಸಿಕ್ಕಿತು. ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿನಲ್ಲಿ. ಆರು ವರ್ಷ ಮನೆಯಲ್ಲಿದ್ದ ನನಗೆ ಬ್ರೆಕ್ಸಿಟ್ ಇಲ್ಲದಿದ್ದರೆ ಆ ಕೆಲಸ ಇರುತ್ತಿರಲಿಲ್ಲ. ಹೇಳಲು ಮುಜುಗರ, ಆದರೆ ನಿಜ. ಮೊದಲು ಫ್ರಾನ್ಸಿನಿಂದ ಚೀಸ್ ಬರುವುದು ಅಂದರೆ ಮೈಸೂರಿನಿಂದ ಹಾಸನಕ್ಕೆ ಬಂದ ಹಾಗೆ. ಈಗ ಪ್ರತಿ ಸಾಮಾನಿಗೂ ಕೋಡ್. ಚೀಸ್ ಅಂದರೆ 0406ರಿಂದ ಶುರು. ಯಾವ ಹಾಲು, ಯಾವ ದೇಶ, ಎಷ್ಟು ತೂಕ, ಎಷ್ಟು ಬೆಲೆ. 2024ರಿಂದ ಎಷ್ಟೋ ಚೀಸಿಗೆ ಪಶುವೈದ್ಯರ ಸಹಿ ಇರುವ ಆರೋಗ್ಯ ಪತ್ರವೂ. ಒಂದೇ ಲಾರಿಯಲ್ಲಿ ಹತ್ತು ಸಣ್ಣ ವ್ಯಾಪಾರಿಗಳ ಸಾಮಾನು ಇದ್ದು, ಒಬ್ಬರ ಕಾಗದದಲ್ಲಿ ಒಂದು ದಿನಾಂಕ ತಪ್ಪಿದ್ದರೆ ಹತ್ತು ಜನರ ಸಾಮಾನೂ ನಿಂತುಹೋಗುತ್ತದೆ.

ಅಂಥದ್ದೇ ಒಂದು ದಿನ. ಒಬ್ಬ ಹೆಂಗಸು ಫೋನ್ ಮಾಡಿದರು. ಚಿಕ್ಕ ಅಂಗಡಿ, ಇಟಲಿಯ ಸಾಮಾನು ಮಾರುವವರು. ಅವರ ಚೀಸ್ ಲಾರಿಯಲ್ಲಿ ನಿಂತಿತ್ತು. ತಪ್ಪು ಅವರದಲ್ಲ, ಬೇರೆ ಯಾರದೋ ಪೆಟ್ಟಿಗೆಯ ಕಾಗದದ್ದು. ನಾನು ಅದನ್ನು ವಿವರಿಸಿದೆ. ಅವರು ಬೈಯಲಿಲ್ಲ. ಹಾಗಾದರೆ ಇನ್ಮೇಲೆ ತರಿಸುವುದು ಬಿಡ್ತೀನಿ ಅಂದರು. ಅಷ್ಟೇ. ಹೀಗೆ ಬಿಟ್ಟವರು ಎಷ್ಟು ಜನ ಅಂತ ನನ್ನ ಮೇಜಿನಿಂದಲೇ ನೋಡಿದ್ದೇನೆ. ಮೊದಲ ತಿಂಗಳು ನಾಲ್ಕು ಫಾರಂ, ಆಮೇಲೆ ಎರಡು, ಆಮೇಲೆ ಹೆಸರೇ ಬರುವುದಿಲ್ಲ. ದೊಡ್ಡ ಕಂಪನಿಗಳು ಇದಕ್ಕೇ ಅಂತ ಜನ ಇಟ್ಟುಕೊಂಡವು. ಸಣ್ಣವರ ಕೈಯಲ್ಲಿ ಆಗಲಿಲ್ಲ.

ಆಶ್‌ಫರ್ಡ್ ಪಕ್ಕದ ಸೆವಿಂಗ್ಟನ್‌ನಲ್ಲಿ ಹೊಲಗಳಿದ್ದ ಜಾಗದಲ್ಲಿ ಲಾರಿ ತಪಾಸಣೆಗೆ ದೊಡ್ಡ ಅಂಗಳ ಕಟ್ಟಿದರು. ರಾತ್ರಿಯೆಲ್ಲ ದೀಪ. ಹತ್ತಿರದ ಹಳ್ಳಿಯವರು ನಿದ್ದೆ ಇಲ್ಲ ಅಂತ ದೂರಿದರು. ಯುರೋಪಿನಿಂದ ಬರುವ ಆಹಾರ ತೆರೆದು ನೋಡುವ ದಿನವನ್ನು ಮತ್ತೆ ಮತ್ತೆ ಮುಂದೂಡಿ, ಕಡೆಗೆ 2024ರ ಏಪ್ರಿಲ್ 30ಕ್ಕೆ ಶುರು ಮಾಡಿದರು. ವರ್ಷ ತುಂಬಿ ಮೂರು ವಾರ ಕಳೆಯುವುದರೊಳಗೆ, 2025ರ ಮೇ 19ರಂದು, ಸ್ಟಾರ್ಮರ್ ಸರ್ಕಾರ ಆ ತಪಾಸಣೆಗಳಲ್ಲಿ ಹೆಚ್ಚಿನವನ್ನು ತೆಗೆಯುವ ಒಪ್ಪಂದಕ್ಕೆ ಯುರೋಪಿನ ಜೊತೆ ಮಾತು ಕೊಟ್ಟಿತು. ಕ್ಯಾಮರೂನ್‌ರಿಂದ ಎಣಿಸಿದರೆ ಸ್ಟಾರ್ಮರ್ ಆರನೇ ಪ್ರಧಾನಿ. ಇದು ಒಳ್ಳೆಯದೇ. ಆದರೆ ಆ ಚೀಸ್ ಅಂಗಡಿಯವರಿಗೆ ಯಾರು ಹೇಳಬೇಕು?

ಗಡಿ ನಮ್ಮ ಕೈಗೆ ಬರುತ್ತೆ, ಹೊರಗಿನವರು ಕಮ್ಮಿ ಆಗುತ್ತಾರೆ ಅಂತ ಅಲ್ವಾ ಹೇಳಿದ್ದು. ಯುರೋಪಿನವರು ಕಮ್ಮಿಯಾದರು. ಅಕ್ಕನ ವೃದ್ಧಾಶ್ರಮದಲ್ಲಿ ಪೋರ್ಚುಗಲ್‌ನ ಇಬ್ಬರು, ಲಿಥುವೇನಿಯಾದ ಒಬ್ಬಳು ಬಿಟ್ಟುಹೋದರು. ಆಮೇಲೆ ಕೇರಳದಿಂದ, ನೈಜೀರಿಯಾದಿಂದ ಹುಡುಗಿಯರು ಬಂದರು. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು, ಸಾಲ ಮಾಡಿ ಬಂದವರು. ಇಡೀ ದೇಶಕ್ಕೆ ಬಂದವರ ಲೆಕ್ಕದಲ್ಲಿ ಹೋದವರನ್ನು ಕಳೆದರೂ 2023ರ ಹೊತ್ತಿಗೆ ವರ್ಷಕ್ಕೆ 9 ಲಕ್ಷ ದಾಟಿತು. ಸಂಖ್ಯೆ ನೋಡಿ ಸರ್ಕಾರ ಗಾಬರಿಯಾಗಿ, 2024ರ ಮಾರ್ಚ್‌ನಿಂದ ಈ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ಹಾಗಿಲ್ಲ ಅಂತ ನಿಯಮ ತಂದಿತು. ಈ ಹುಡುಗಿಯರಿಗೆ ಕೆಲಸ ಕಲಿಸುವವರು ಅಕ್ಕ. ರಾತ್ರಿ ಪಾಳಿಯಲ್ಲಿ ಒಬ್ಬಳು ಊರಿನಲ್ಲಿರುವ ಮಗುವಿಗೆ ವಿಡಿಯೋ ಕಾಲ್ ಮಾಡಿ ಜೋಗುಳ ಹಾಡುತ್ತಾಳಂತೆ.

ಅಜ್ಜ ಪ್ರತಿ ವರ್ಷ ಮೇ ತಿಂಗಳಲ್ಲಿ ಮಗಳ ಮನೆಗೆ ಹೋಗಿ ಸೆಪ್ಟೆಂಬರ್‌ಗೆ ಬರುತ್ತಿದ್ದರು. ಆಶ್‌ಫರ್ಡ್‌ನಿಂದಲೇ ಯುರೋಸ್ಟಾರ್ ರೈಲು ಹತ್ತುತ್ತಿದ್ದರು. ಮನೆಯಿಂದ ಸ್ಟೇಷನ್‌ಗೆ ಸೂಟ್‌ಕೇಸ್ ಎಳೆದುಕೊಂಡು ನಡೆದೇ ಹೋಗುವಷ್ಟು ಹತ್ತಿರ. 2020ರಲ್ಲಿ ಕೊರೊನಾ ಅಂತ ನಿಂತ ಆ ರೈಲು ಮತ್ತೆ ಇಲ್ಲಿ ನಿಲ್ಲಲಿಲ್ಲ. ಗಡಿಯ ಕೆಲಸ ಜಾಸ್ತಿಯಾಗಿದೆ, ಇಲ್ಲಿ ಅದನ್ನೆಲ್ಲ ನಡೆಸಲು ಕಷ್ಟ ಅನ್ನುವುದೂ ಒಂದು ಕಾರಣ. ಈಗ ಅವರು ಫ್ರಾನ್ಸಿನ ಕಡೆ ಹೋಗಲು ಮೊದಲು ಎದುರು ದಿಕ್ಕಿಗೆ, ಲಂಡನ್ನಿಗೆ ಹೋಗಬೇಕು. ಇನ್ನು, 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಫ್ರಾನ್ಸಿನಲ್ಲಿದ್ದ ದಿನಗಳಿಗೆ ಕೆಂಪು ಪೆನ್ನಿನ ಗುರುತು. ನನ್ನನ್ನು ಕರೆದು ಎಣಿಸಲು ಹೇಳುತ್ತಾರೆ. ನಾನು ಎಣಿಸುತ್ತೇನೆ. ವೀಸಾ, ಬೆರಳಚ್ಚು, ದಿನದ ಲೆಕ್ಕ ನಮಗೆ ಮೊದಲಿನಿಂದಲೂ ಅಭ್ಯಾಸ. ಇಲ್ಲದ್ದಕ್ಕೆ ಒಗ್ಗಿಕೊಳ್ಳುವುದು ಬೇರೆ, ಇದ್ದದ್ದನ್ನು ಕಳೆದುಕೊಳ್ಳುವುದು ಬೇರೆ. ಆ ಕ್ಯಾಲೆಂಡರಿನ ಮುಂದೆ ನಿಂತಾಗ ನನಗೆ ಅದು ಅರ್ಥವಾಗುತ್ತದೆ.

ನಾನು ಓಟು ಹಾಕಿದ್ದು ಇದಕ್ಕಲ್ಲ ಅನ್ನುತ್ತಾರೆ ಅಜ್ಜ. ತಪ್ಪು ಮಾಡಿದೆ ಅಂತ ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ. ಓಟೇ ಹಾಕದ ನಾನು ಯಾವ ಬಾಯಲ್ಲಿ ಕೇಳಲಿ?

ಹೋದ ತಿಂಗಳು ಅಜ್ಜ ಒಂದು ಪಾರ್ಸೆಲ್ ಹಿಡಿದುಕೊಂಡು ಬಂದರು. ಮಂಡಿ ನೋವು, ಈ ವರ್ಷ ಹೋಗಲು ಆಗುವುದಿಲ್ಲವಂತೆ. ಮೊಮ್ಮಗಳಿಗೆ ಹಳೇ ಫೋಟೊ ಆಲ್ಬಮ್ ಕಳಿಸಬೇಕಿತ್ತು. ಅವಳ ಅಮ್ಮ ಚಿಕ್ಕವಳಿದ್ದಾಗಿನ ಫೋಟೊಗಳು. ಫ್ರಾನ್ಸಿಗೆ ಯಾವ ಸಾಮಾನು ಕಳಿಸಿದರೂ ಈಗ ಕಸ್ಟಮ್ಸ್ ಚೀಟಿ ಅಂಟಿಸಬೇಕಲ್ಲ. 'ನೀನು ದಿನಾ ಇದನ್ನೇ ಮಾಡ್ತೀಯಲ್ಲ, ಬರೆದುಕೊಡು' ಅಂದರು. ಅಡುಗೆಮನೆ ಮೇಜಿನ ಮುಂದೆ ಕೂರಿಸಿದೆ. ಅಕ್ಕನೂ ಇದ್ದರು. ಆಲ್ಬಮ್ ತೆರೆದು ನೋಡಿದೆವು. ಮೊದಲ ಪುಟದಲ್ಲೇ ದೋಣಿಯ ಕಟಕಟೆ ಹಿಡಿದು ನಿಂತ ಐದು ವರ್ಷದ ಹುಡುಗಿ, ಹಿಂದೆ ಡೋವರ್‌ನ ಬಿಳಿ ಬಂಡೆಗಳು. ಬೆಳಗ್ಗೆ ಸಮುದ್ರದಾಚೆ ಫ್ರಾನ್ಸಿನ ಕ್ಯಾಲೆಗೆ ಹೋಗಿ ಬ್ರೆಡ್ಡು ತಗೊಂಡು ಸಂಜೆ ವಾಪಸ್ ಬರುತ್ತಿದ್ದೆವು ಅಂದರು ಅಜ್ಜ.

ಚೀಟಿಯಲ್ಲಿ 'ಉಡುಗೊರೆ' ಅನ್ನುವ ಕಡೆ ಗುರುತು ಹಾಕಿದೆ. ತೂಕ, 900 ಗ್ರಾಂ. ಸಾಮಾನಿನ ಬೆಲೆ ಅನ್ನುವಲ್ಲಿ ಪೆನ್ನು ನಿಂತಿತು. ಎಷ್ಟು ಅಂತ ಬರೆಯಲಿ ಅಂತ ಕೇಳಿದೆ. ಅಜ್ಜ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದರು. 45 ಯೂರೋ ಮೀರಿದರೆ ಆ ಕಡೆ ಮಗಳು ತೆರಿಗೆ ಕಟ್ಟಬೇಕಾಗುತ್ತೆ ಅಂದೆ. ಅಜ್ಜ ಸ್ವಲ್ಪ ಹೊತ್ತು ಆಲ್ಬಮ್‌ನ ಮೂಲೆ ಸವರುತ್ತಾ ಕೂತರು. ಆಮೇಲೆ 'ಐದು ಪೌಂಡ್ ಅಂತ ಬರಿ' ಅಂದರು. ಬರೆದೆ. ಸಹಿ ಮಾಡಿಸಿದೆ. ಪೋಸ್ಟಾಫೀಸು ಐದೂವರೆಗೆ ಮುಚ್ಚುತ್ತೆ ಅಂತ ಅಕ್ಕ ಕೋಟು ಹಾಕಿಕೊಂಡು ಪಾರ್ಸೆಲ್ ಎತ್ತಿಕೊಂಡರು.